ಎದುರುಗಾಳಿಯಲ್ಲಿ ಒಂದು ರೋಜಾ

ತರೀಕೆರೆ

ಈ ಪ್ರವಾಸದ ವಿಷಯದಲ್ಲಿ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಒಂದು ಚೀಟಿ ಇದೆ, ಅದನ್ನು ನಂಬಬಹುದು. ಅದರಲ್ಲಿರುವ ತಪ್ಪು ನನ್ನದೇ ಅಕ್ಷರದಲ್ಲಿದೆ.

ಬಾಷಾ ಸಾಬರಿಗೆ ಅರವತ್ತನಾಲ್ಕು ವರ್ಷ. ತರೀಕೆರೆಯಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುತ್ತಾರೆ. ಅವರ ತಂದೆಯದೂ ಅದೇ ಕೆಲಸ, ಅದೇ ಅಂಗಡಿ. ಎಲ್ಲೂ ಸಿಗದ ಹಳೇ ಬಿಡಿಭಾಗಗಳನ್ನು ಅರದಲ್ಲಿ ಉಜ್ಜಿ ಉಜ್ಜಿ ತಾವೇ ಮಾಡಿಕೊಳ್ಳುತ್ತಾರೆ. ಹೋದ ವರ್ಷ ಹಾರುಕೋ ಎಂಬ ಜಪಾನಿನ ಹೆಂಗಸು ಹಳೇ ಯಂತ್ರಗಳ ಬಗ್ಗೆ ಏನೋ ಬರೆಯುತ್ತಾ ಬಂದು, ಆ ಅಂಗಡಿಯ ಸ್ಟೂಲಿನ ಮೇಲೆ ಮೂರು ದಿನ ಕೂತು ನೋಡಿ ಹೋಗಿದ್ದರು. ಈ ವರ್ಷ ಅವರ ಊರಿನ ಪುಟ್ಟದೊಂದು ವಸ್ತುಸಂಗ್ರಹಾಲಯದಿಂದ ಕರೆ ಬಂತು. ನಾಲ್ಕು ದಿನ ಬಂದು ಕೆಲಸ ತೋರಿಸಿ, ಇಂಗ್ಲಿಷ್ ಬಲ್ಲವರೊಬ್ಬರನ್ನು ಜೊತೆಗೆ ಕರೆತನ್ನಿ ಎಂದು. ಆ ಒಬ್ಬರು ನಾನು. ಕಡೂರಿನವಳು, ಅಜ್ಜಂಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿ ನಿವೃತ್ತಳಾದವಳು. ನನ್ನ ಅಮ್ಮನ ಮಷೀನನ್ನು ಬಾಷಾ ಸಾಬರು ಮೂರು ಸಲ ಬದುಕಿಸಿಕೊಟ್ಟಿದ್ದರು. ಇಲ್ಲ ಅನ್ನಲು ನನಗೆ ಬಾಯಿರಲಿಲ್ಲ.

ಕರೆ ಬಂದದ್ದು ರಂಜಾನ್ ತಿಂಗಳಿಗೆ. ಅದರಲ್ಲೂ ನಾವು ವಾಪಸ್ ಬರುವ ದಿನ ಬಾಷಾ ಸಾಬರ ಮೊಮ್ಮಗಳು ಮಾಹೀನಳ ಮೊದಲ ರೋಜಾ. ಎಂಟು ವರ್ಷದ ಹುಡುಗಿ. ಮಗು ಮೊದಲ ಸಲ ಉಪವಾಸ ಹಿಡಿದರೆ ಆ ಮನೆಗಳಲ್ಲಿ ಅದೊಂದು ಸಣ್ಣ ಮದುವೆ ಇದ್ದಂತೆ. ಹೊಸ ಬಟ್ಟೆ, ಹೂವಿನ ಹಾರ, ಸಂಜೆ ರೋಜಾ ಬಿಡುವ ಹೊತ್ತಿಗೆ ಸುತ್ತ ನೆಂಟರು. ಅಜ್ಜ ಹಸಿರು ಜರಿಯ ಫ್ರಾಕು ಹೊಲಿದಿಟ್ಟಿದ್ದರು. ದಿನ ಬದಲಾಯಿಸೋಣವೆಂದರೆ ಅವಳ ಅತ್ತೆಗೆ ರಜೆ ಸಿಕ್ಕಿದ್ದು ಆ ಒಂದೇ ದಿನ.

"ನಾನೂ ಅವತ್ತು ಹಿಡೀತೀನಿ. ವಿಮಾನದಾಗೇ ಇರ್ಲಿ," ಎಂದರು ಬಾಷಾ ಸಾಬರು.

"ಪ್ರಯಾಣದಾಗೆ ಮಾಫಿ ಐತಲ್ಲ ಅಬ್ಬಾ," ಎಂದ ಮಗ ಇಮ್ರಾನ್. "ನಿಮ್ಗೆ ಶುಗರ್ ಬೇರೆ."

"ಮಾಫಿ ಐತೆ. ಮಾತು ಕೊಟ್ಟಾಗೈತೆ."

ಆ ಮಾತು ಯಾವುದು ಎಂಬಲ್ಲಿ ನನ್ನ ನೆನಪು ಎರಡಾಗಿ ಸೀಳುತ್ತದೆ. ಅಂಗಡಿಯ ಕಟ್ಟೆಯ ಮೇಲೆ ಮಾಹೀನ್ ಕಾಲಾಡಿಸುತ್ತಾ ಕೂತಿದ್ದಳು. "ನೀನು ಬಿಡುವಾಗ ನಾನೂ ಬಿಡ್ತೀನಿ" ಎಂದು ಅಜ್ಜ ಹೇಳಿದರೋ, "ನೀವು ಬಿಡುವಾಗ ನಾನೂ ಬಿಡ್ತೀನಿ" ಎಂದು ಅವಳು ಹೇಳಿದಳೋ. ಮೊದಲನೆಯದು ಎಂದೇ ಬಹಳ ದಿನ ಅಂದುಕೊಂಡಿದ್ದೆ. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು ಎಂಬುದಷ್ಟೇ ಈಗ ಖಚಿತ.

ಅವಳಿಗಾಗಿ ಇಮ್ರಾನ್ ಅಂಗಡಿಯ ಗೋಡೆಗೆ ಇನ್ನೊಂದು ಗಡಿಯಾರ ಹಾಕಿದ್ದ. ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಕೆಳಗೊಂದು ಕಾಗದ ಅಂಟಿಸಿ ಮಾಹೀನ್ ಬರೆದಿದ್ದಳು: ದಾದಾ.

ಆ ಗಡಿಯಾರದ ಕೆಳಗೇ ಕೂತು ನಾನು ಲೆಕ್ಕ ಹಾಕಿದೆ. ಟಿಕೆಟ್ಟಿನಲ್ಲಿದ್ದಂತೆ ಹೋಗುವಾಗ ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಏಳೂ ಹತ್ತಕ್ಕೆ ಇಳಿಯುವುದು. ಬರುವಾಗ ಹನ್ನೊಂದೂ ಕಾಲಿಗೆ ಹೊರಟು ಐದೂ ಐವತ್ತಕ್ಕೆ. "ನೋಡಿ, ಹೋಗಲು ಹನ್ನೊಂದು ಗಂಟೆ, ಬರಲು ಆರೂವರೆ," ಎಂದೆ. ಕಾರಣವೂ ನನ್ನ ಬಳಿ ಸಿದ್ಧವಾಗಿತ್ತು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಪೂರ್ವಕ್ಕೆ ಹಾರಿದರೆ ಸೇರಬೇಕಾದ ಊರು ಮುಂದೆ ಮುಂದೆ ಓಡುತ್ತದೆ, ಪಶ್ಚಿಮಕ್ಕೆ ಹಾರಿದರೆ ಊರೇ ಎದುರಿಗೆ ಬರುತ್ತದೆ. ಅಜ್ಜಂಪುರದ ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಹೇಳಿದ ಮಾತು.

ಬಾಷಾ ಸಾಬರು ಕನ್ನಡಕ ಹಣೆಗೇರಿಸಿದರು. "ಹಂಗಾದ್ರೆ ಟೀಚರ್ರೇ, ಹೆಲಿಕಾಪ್ಟರ್ ಹತ್ತಿ ಮ್ಯಾಲೆ ಸುಮ್ನೆ ನಿಂತ್ಕಂಡ್ರೆ ಸಾಕಲ್ಲ, ಊರೇ ಕೆಳಿಕ್ಕೆ ಬತ್ತದೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಪೆನ್ನಿನ ಕ್ಯಾಪು ತೆಗೆದೆ.

ಚೀಟಿಯಲ್ಲಿ ಬರೆದೆ: ಜಪಾನಿನಲ್ಲಿ ಬೆಳಗಿನ ಸಹರಿ ಊಟ ಮುಗಿಯುವುದು ನಾಲ್ಕೂ ಮುಕ್ಕಾಲು, ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರೂವರೆ, ಒಟ್ಟು ಹದಿಮೂರೂ ಮುಕ್ಕಾಲು ಗಂಟೆ. ಅವರ ಡಾಕ್ಟರು ಆ ಚೀಟಿ ನೋಡಿ, ಮಾತ್ರೆ ಹೊಂದಿಸಿಕೊಟ್ಟು, ಹದಿನಾಲ್ಕು ಗಂಟೆ ದಾಟುವ ಹಾಗಿಲ್ಲ ಬಾಷಾ ಎಂದರು. ಎರಡು ದೇಶದ ಎರಡು ಗಡಿಯಾರದ ಅಂಕಿಗಳನ್ನು ನಾನು ಒಂದರಿಂದ ಒಂದು ಕಳೆದಿದ್ದೆ. ವೇಳಾವಲಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಅದು ಪುಸ್ತಕದಲ್ಲಿ ಬೇರೆ ಅಧ್ಯಾಯದಲ್ಲಿತ್ತು.

ಪೂರ್ವಕ್ಕೆ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಾಷಾ ಸಾಬರ ಮಷೀನ್ ಎಣ್ಣೆಯ ಡಬ್ಬಿಯನ್ನು ತಪಾಸಣೆಯವರು ಕಿತ್ತುಕೊಂಡರು. ಆ ಉದ್ದ ಮೂತಿಯ ಡಬ್ಬಿ ಅವರ ಅಪ್ಪನ ಕಾಲದ್ದು. ವಿಮಾನದಲ್ಲಿ ಇಡೀ ಹೊತ್ತು, ಕೈಯಲ್ಲಿ ಇಲ್ಲದ ಆ ಡಬ್ಬಿಯ ತಳವನ್ನು ಅವರ ಹೆಬ್ಬೆರಳು ಒತ್ತುತ್ತಲೇ ಇತ್ತು.

ಅಂದೂ ಅವರಿಗೆ ರೋಜಾ. ಮಧ್ಯಾಹ್ನದ ಊಟದ ತಟ್ಟೆ ಎತ್ತಿ ಸ್ವಲ್ಪ ಹೊತ್ತಾಗಿರಬೇಕು, ಹಿಂದಿನ ಕಿಟಕಿಗಳಲ್ಲಿ ಬೆಳಕು ಕೆಂಪಾಯಿತು. ಮತ್ತೆ ನೋಡಿದರೆ ಸೂರ್ಯ ಇಲ್ಲ. ನನ್ನ ಕೈಗಡಿಯಾರದಲ್ಲಿ ಇನ್ನೂ ಮೂರು ಗಂಟೆ ಆಗಿರಲಿಲ್ಲ.

"ಇದೇನು, ಒಂಬತ್ತೂವರೆ ಗಂಟೆಗೇ ಮುಗೀತು," ಎಂದು ಅವರು ಖರ್ಜೂರ ಹಿಡಿದುಕೊಂಡೇ ಕೂತರು. "ಅರ್ಧ ಬಾಡಿಗೆ ಕೊಟ್ಟು ಇಡೀ ಮನೇಲಿ ಕುಂತಂಗಾತು."

"ಸೂರ್ಯ ಮುಳುಗಿದ ಮೇಲೆ ಮುಗಿಯಿತಲ್ಲ."

"ಮುಗೀತು. ಆದ್ರೂ..."

ಅವರು ತಿಂದರು. ಇಳಿದಾಗ ಹಾರಿದ್ದು ಹನ್ನೊಂದು ಗಂಟೆಯಲ್ಲ, ಏಳೂವರೆ ಚಿಲ್ಲರೆ ಎಂದು ಪರದೆ ತೋರಿಸಿತು. ಆ ಸಂಖ್ಯೆ ನನ್ನೊಳಗೆ ಎಲ್ಲೋ ಒಂದು ಮುಳ್ಳಿನ ಹಾಗೆ ಹೋಗಿ ಕೂತಿತು. ಚೀಟಿಯನ್ನು ತೆಗೆದು ನೋಡಬೇಕು ಅನ್ನಿಸಿತೇ? ಅನ್ನಿಸಿತು ಎಂದು ಈಗ ಬರೆಯುವುದು ಸುಲಭ. ಡಾಕ್ಟರು ನೋಡಿದ ಚೀಟಿ ಎಂಬ ಧೈರ್ಯದಲ್ಲಿ ನಾನು ಚೀಲದ ಜಿಪ್ಪನ್ನು ತೆರೆಯಲಿಲ್ಲ, ಅಷ್ಟು ನಿಜ.

ಸೂಜಿಗಳ ಊರು

ಹಾರುಕೋ ಅವರ ಊರು ಟೋಕಿಯೋದಿಂದ ರೈಲಿನಲ್ಲಿ ಒಂದು ಗಂಟೆ. ರೈಲು ಎರಡು ನಿಮಿಷ ತಡವಾಯಿತೆಂದು ಧ್ವನಿವರ್ಧಕದಲ್ಲಿ ಯಾರೋ ಕ್ಷಮೆ ಕೇಳಿದರು. ಹಾರುಕೋ ಅದನ್ನು ಅನುವಾದಿಸಿದಾಗ ನನಗೆ ಬೀರೂರು ಜಂಕ್ಷನ್ನಿನ ಕಲ್ಲುಬೆಂಚು ನೆನಪಾಯಿತು. ಅಲ್ಲಿ ಕ್ಷಮೆ ಕೇಳಲು ಶುರು ಮಾಡಿದರೆ ರೈಲು ಬಿಡಲು ಪುರಸೊತ್ತು ಇರುವುದಿಲ್ಲ.

ಸಂಗ್ರಹಾಲಯದ ಮುದುಕರು ಬಿಳಿ ಕೈಗವಸು ಹಾಕಿಕೊಂಡು ಯಂತ್ರಗಳನ್ನು ಮುಟ್ಟುತ್ತಿದ್ದರು. ಬಾಷಾ ಸಾಬರು ಬರಿಗೈಯಲ್ಲಿ ಒಂದು ಹಳೇ ಮಷೀನಿನ ಹೊಟ್ಟೆಗೆ ಬೆರಳು ಹಾಕಿ, ಕಣ್ಣು ಮುಚ್ಚಿ, "ಇಲ್ಲಿ ಸವೆದೈತೆ" ಎಂದರು. ಬಿಚ್ಚಿ ನೋಡಿದರು, ಸವೆದಿತ್ತು. ಮುದುಕರೆಲ್ಲ ಒಬ್ಬೊಬ್ಬರಾಗಿ ಕೈಗವಸು ಕಳಚಿದರು.

ಅಲ್ಲಿ ಮುರಿದ ಸೂಜಿಯನ್ನು ಎಸೆಯುವುದಿಲ್ಲ. ವರ್ಷಕ್ಕೊಂದು ದಿನ ಅವನ್ನೆಲ್ಲ ಮೆತ್ತನೆಯ ಸೋಯಾ ಗಿಣ್ಣಿನ ಗಡ್ಡೆಗೆ ಚುಚ್ಚಿ, ಇಷ್ಟು ದಿನ ದುಡಿದಿರಿ, ಇನ್ನು ಮೆತ್ತಗೆ ಮಲಗಿ ಎಂದು ಕೈಮುಗಿಯುತ್ತಾರಂತೆ. ನಮ್ಮ ಆಯುಧಪೂಜೆಯ ಬಗ್ಗೆ ನಾನು ಹೇಳಿದೆ. ಆದರೆ ನಾವು ಪೂಜೆ ಮಾಡುವುದು ಚೂಪಾಗಿರುವವುಗಳಿಗೆ ಮಾತ್ರ ಎಂಬುದು ಹೇಳುವಾಗಲೇ ಹೊಳೆಯಿತು.

"ನಮ್ಮ ಅಂಗಡೀಲೂ ಮುರಿದ ಸೂಜಿ ಎಸೆಯಲ್ಲ ಅಂತ ಹೇಳ್ರಿ," ಎಂದರು ಬಾಷಾ ಸಾಬರು. "ಅಲ್ಲೇ ನೆಲದಾಗೆ ಬಿದ್ದಿರ್ತದೆ. ಮಾರನೇ ದಿನ ನನ್ನ ಕಾಲಿಗೆ ಹೊಕ್ಕಂಡು ಅದೇ ಸಲಾಂ ಹೇಳ್ತದೆ."

ಸಂಜೆ ಐದೂ ಮುಕ್ಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಿತ್ತು. ರೋಜಾ ಬಿಟ್ಟ ಕೂಡಲೇ ಅವರು ತರೀಕೆರೆಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ಅಲ್ಲಿ ಉರಿಬಿಸಿಲಿನ ಮಧ್ಯಾಹ್ನ. ಮಾಹೀನ್ ಗೋಡೆಯ ಎರಡನೇ ಗಡಿಯಾರದ ಕೆಳಗೆ ನಿಂತೇ ಮಾತಾಡುತ್ತಿದ್ದಳು. "ದಾದಾ ಬಿಟ್ರು!" ಎಂದು ಒಳಗೆ ಕೂಗುತ್ತಿದ್ದಳು. ನಾಲ್ಕು ದಿನವೂ ಹೀಗೆಯೇ. ಅದನ್ನು ನಾನು ಗಮನಿಸಿದ್ದೆ, ಯೋಚಿಸಿರಲಿಲ್ಲ.

ಗೇಟು

ಕೊನೆಯ ದಿನ ನಾವು ಉಳಿದುಕೊಂಡ ಮನೆಯ ಮುದುಕ, ಒಂದು ಮಾತೂ ಆಡದವನು, ಬೆಳಗಿನ ಜಾವ ನಾಲ್ಕು ಗಂಟೆಗೆ ಬಾಗಿಲ ಹೊರಗೆ ತಟ್ಟೆಯಿಟ್ಟಿದ್ದ. ಬಿಸಿ ಅನ್ನ, ಮೊಟ್ಟೆ, ಸುಟ್ಟ ಮೀನು. ಬಾಷಾ ಸಾಬರು ಉಂಡು, ಮಾತ್ರೆ ನುಂಗಿ, ನೀರು ಕುಡಿದು, ನಾಲ್ಕೂ ಮುಕ್ಕಾಲಿಗೆ ಬಾಯಿ ಮುಕ್ಕಳಿಸಿದರು. ಅಲ್ಲಿಂದ ಲೆಕ್ಕ ಶುರು.

ವಿಮಾನ ನಿಲ್ದಾಣದವರೆಗೆ ಹಾರುಕೋ ಬಂದಿದ್ದರು. ಬೀಳ್ಕೊಡುವಾಗ, "ಇಲ್ಲಿಂದ ಹೋಗಲು ಹತ್ತು ಗಂಟೆಗೂ ಹೆಚ್ಚು, ಉದ್ದದ ಹಾರಾಟ, ಕಾಲು ಊದಿಕೊಳ್ಳುತ್ತದೆ, ಎದ್ದು ಓಡಾಡಿ," ಎಂದರು.

"ಆರೂವರೆ," ಎಂದೆ.

ಅವರು ನಯವಾಗಿ ತಲೆ ಬಾಗಿಸಿದರು. ಅಲ್ಲ ಎನ್ನುವ ಬದಲು ಅವರು ಹಾಗೆ ಮಾಡುತ್ತಾರೆಂದು ಅಷ್ಟು ಹೊತ್ತಿಗೆ ಕಲಿತಿದ್ದೆ. ಚೀಲದಿಂದ ಚೀಟಿ ತೆಗೆದೆ. ಹದಿಮೂರೂ ಮುಕ್ಕಾಲಿಗೆ ಮೂರೂವರೆ ಸೇರಿಸಬೇಕಿತ್ತು. ಹದಿನೇಳು ದಾಟುತ್ತದೆ.

"ಬಾಷಾ ಸಾಬ್ರೇ, ನಾನು ತಪ್ಪು ಮಾಡಿದೆ. ಇವತ್ತು ರೋಜಾ ಬೇಡ. ಈಗಲೇ ಬಿಟ್ಟುಬಿಡಿ."

ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು. "ಹೋಗ್ಬೇಕಾದ್ರೆ ಕಮ್ಮಿ ಆಗಿತ್ತಲ್ಲ ಟೀಚರ್ರೇ. ಅದೇ ಇದು, ವಾಪಸ್ ಬಂದೈತೆ." ಆಮೇಲೆ ನನ್ನ ಮುಖ ಕಂಡು, "ಮಷೀನ್ ಇಟ್ಕಂಡಿವ್ನಿ. ಎಪ್ಪತ್ತಕ್ಕೆ ಇಳಿದ್ರೆ ಬಿಡ್ತೀನಿ. ಸತ್ಯವಾಗ್ಲೂ."

ಮಷೀನ್ ಅಂದರೆ ಬೆರಳು ಚುಚ್ಚಿ ಶುಗರ್ ನೋಡುವ ಪುಟ್ಟ ಯಂತ್ರ. ಅದಕ್ಕೆ ಹಾಕುವ ಪಟ್ಟಿ ನಾಲ್ಕೇ ಉಳಿದಿದ್ದವು.

ಪಶ್ಚಿಮಕ್ಕೆ

ಎಡಗಡೆಯ ಕಿಟಕಿ ಅವರದು. ಸೂರ್ಯ ಅಲ್ಲಿಯೇ, ರೆಕ್ಕೆಯ ಮೇಲೆ, ಮೊಳೆ ಹೊಡೆದ ಹಾಗೆ. ಎರಡು ಗಂಟೆ ಬಿಟ್ಟು ನೋಡಿದರೂ ಅಲ್ಲೇ.

ವಿಮಾನವೂ ನಡುಗುತ್ತಿತ್ತು. ಎದುರುಗಾಳಿ ಜೋರಾಗಿದೆ, ಇಳಿಯುವುದು ಇನ್ನೂ ತಡವಾಗಬಹುದು ಎಂದು ಪೈಲಟ್ ಹೇಳಿದ. ನಾನು ಅನುವಾದಿಸಿದೆ.

"ಇಷ್ಟು ಎತ್ತರದಾಗೂ ಗಾಳಿ ಐತಾ?" ಎಂದು ಬಾಷಾ ಸಾಬರು ಎದ್ದು ಕೂತರು. "ಪಡುವಲಿಂದ ಮೂಡ್ಲಿಗಾ?"

"ಹೌದು. ಯಾವಾಗಲೂ."

"ಅಷ್ಟೇನಾ!" ಅವರ ಮುಖ ಅರಳಿತು. "ಆಷಾಢದಾಗೆ ನಾನು ಸೈಕಲ್ಲಾಗೆ ಅಜ್ಜಂಪುರದ ಸಂತೆಗೆ ಹೋಗ್ತಿದ್ದೆ ಟೀಚರ್ರೇ. ಹೋಗ್ಬೇಕಾದ್ರೆ ಪೆಡಲ್ ತುಳಿಯಂಗೇ ಇಲ್ಲ, ಗಾಳಿ ಬೆನ್ನಿಗೆ ಕೈ ಕೊಟ್ಟು ನೂಕದು. ಬರ್ಬೇಕಾದ್ರೆ ತರೀಕೆರೆ ಅಲ್ಲೇ ಕಾಣ್ತದೆ, ಗಾಳಿ ಎದೆ ಮ್ಯಾಲೆ ಕೈ ಇಟ್ಟು ನಿಲ್ಸದು. ಇಳಿದು ತಳ್ಕಂಡು ಬರ್ತಿದ್ದೆ. ಅದೇ ರಸ್ತೆ, ಅದೇ ಸೈಕಲ್ಲು. ಭೂಮಿ ತಿರುಗೋದು ಬರೋದು ಏನಿಲ್ಲ. ಗಾಳಿ."

ಅಜ್ಜಂಪುರದಲ್ಲಿ ಇಪ್ಪತ್ತೆಂಟು ವರ್ಷ ಆ ಗಾಳಿಗೆ ಸೆರಗು ಹಿಡಿದುಕೊಂಡು ನಡೆದವಳು ನಾನು. ಊರಿಗೆ ಬಂದ ಮೇಲೆ ಓದಿದೆ. ಭೂಮಿ ತಿರುಗುವಾಗ ತನ್ನ ಗಾಳಿಯನ್ನೂ ಹೊತ್ತುಕೊಂಡೇ ತಿರುಗುತ್ತದೆ, ಹಾಗಾಗಿ ಊರು ಎದುರಿಗೆ ಬರುವುದಿಲ್ಲ. ಬಹಳ ಎತ್ತರದಲ್ಲಿ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಯೊಂದಿದೆ, ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ಸೆಳೆತ ಬಲು ಜೋರು. ಹೋಗುವವರು ಅದರಲ್ಲಿ ತೇಲುತ್ತಾರೆ, ಬರುವವರು ಅದನ್ನು ತಳ್ಳುತ್ತಾ ಬರುತ್ತಾರೆ. ಹೆಲಿಕಾಪ್ಟರಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ಮಕ್ಕಳ ವಿಳಾಸ ಸಿಗುವುದಿಲ್ಲ.

ಊಟದ ನಂತರ ಎಲ್ಲರೂ ಮಲಗಲೆಂದು ಕಿಟಕಿಗಳನ್ನು ಮುಚ್ಚಿಸಿದರು. ಬಾಷಾ ಸಾಬರು ಒಪ್ಪಲಿಲ್ಲ. ಇವರು ಸೂರ್ಯನನ್ನು ನೋಡುತ್ತಿರಬೇಕು ಎಂದು ನಾನು ಗಗನಸಖಿಗೆ ಹೇಳಿದೆ. ಇವರಿಗೆ ವಿಮಾನದ ಹೆದರಿಕೆ ಎಂದುಕೊಂಡು ಆ ಹುಡುಗಿ ಅವರ ಕೈ ಸವರಿ, ಐಸ್ ತುಂಡು ತೇಲುವ ಕಿತ್ತಳೆ ರಸ ತಂದಿಟ್ಟಳು. ಲೋಟದ ಹೊರಗೆ ನೀರಿನ ಹನಿ ಜಾರುತ್ತಿತ್ತು. ನಾನು ಅದನ್ನು ಎತ್ತಿ ಒಂದೇ ಗುಟುಕಿಗೆ ಕುಡಿದೆ. ಅವರು ನಕ್ಕರು. ತುಟಿ ಒಣಗಿ ಸೀಳಿತ್ತು.

ಮೊದಲ ಪಟ್ಟಿ: ನೂರಾ ಹತ್ತು. ಎರಡನೆಯದು: ತೊಂಬತ್ತೆರಡು.

ಜಪಾನಿನ ಸಂಜೆ

ಅವರ ಕೈಗಡಿಯಾರ ಇನ್ನೂ ಜಪಾನಿನದೇ. ಐದೂ ಮುಕ್ಕಾಲು ತೋರಿಸಿತು. ನಮ್ಮಲ್ಲಿ ಮಧ್ಯಾಹ್ನ ಎರಡೂ ಕಾಲು. ಹದಿಮೂರು ಗಂಟೆ ಆಗಿತ್ತು. ನಾನು ಅಂದುಕೊಂಡೇ ಇದ್ದ ವಾದವನ್ನು ಹೊರತೆಗೆದೆ.

"ಬಾಷಾ ಸಾಬ್ರೇ, ನೀವು ಸಹರಿ ಮಾಡಿದ್ದು ಜಪಾನಿನಲ್ಲಿ. ಆ ಊರಿನಲ್ಲಿ ಈಗ ಸೂರ್ಯ ಮುಳುಗಿದ. ನಿಮ್ಮ ವಾಚೇ ಹೇಳುತ್ತಿದೆ. ನ್ಯಾಯವಾಗಿ ಮುಗಿಯಿತು. ಬಿಡಿ."

ಅವರು ಕಿಟಕಿಯ ಕಡೆ ಗದ್ದ ಎತ್ತಿದರು. "ಮತ್ತೆ ಅದೇನು, ಟ್ಯೂಬ್‌ಲೈಟಾ?"

"ಇದು ನನ್ನ ತಪ್ಪಿನಿಂದ ಉದ್ದವಾದ ದಿನ."

"ದಿನ ನಿಮ್ಮ ತಪ್ಪಿಂದ ಉದ್ದ ಆಗ್ತದಾ? ಭಾಳಾತು ಟೀಚರ್ರೇ." ಆಮೇಲೆ ಮೆಲ್ಲಗೆ, "ಆ ಮಗು ಅಲ್ಲಿ ಬಿಸಿಲಾಗೆ ಹಸ್ಕಂಡು ಕುಂತಿರ್ತದೆ. ನಾನು ಗಡಿಯಾರ ತೋರ್ಸಿ ತಿನ್ಲಾ?"

ಮೂರನೇ ಪಟ್ಟಿಯನ್ನು ಬಲವಂತವಾಗಿ ಆಗಲೇ ಹಾಕಿಸಿದೆನೋ, ಇನ್ನೂ ಒಂದು ಗಂಟೆ ತಡೆದೆನೋ ಗೊತ್ತಿಲ್ಲ. ಅಂಕಿ ಬರೆದಿಟ್ಟುಕೊಂಡ ನನ್ನ ಪುಟ್ಟ ಪುಸ್ತಕದಲ್ಲಿ ಎಂಬತ್ತೊಂದು ಎಂದಿದೆ. ಅದನ್ನು ಓದಿದಾಗಲೆಲ್ಲ ನನಗೆ ಎಪ್ಪತ್ತೊಂದು ಕಾಣುತ್ತದೆ. ಭಯ ಬರೆದ ಅಂಕಿ ಬೇರೆ, ಯಂತ್ರ ಬರೆದದ್ದು ಬೇರೆ.

ಅವರು ಮಾತು ನಿಲ್ಲಿಸಿದರು. ಕುತ್ತಿಗೆಯ ಹಿಂದೆ ಬೆವರು. ನಾನು ಹೆಸರು ಕರೆದರೆ ಎರಡನೇ ಸಲಕ್ಕೆ ತಿರುಗುತ್ತಿದ್ದರು. ಖರ್ಜೂರದ ಪೊಟ್ಟಣ ನನ್ನ ಮಡಿಲಲ್ಲಿತ್ತು. ಅದನ್ನು ಬಿಚ್ಚುವುದು, ಮಡಚುವುದು. ಇವರಿಗೆ ಏನಾದರೂ ಆದರೆ ತರೀಕೆರೆಯ ಆ ಅಂಗಡಿಯ ಮುಂದೆ ನಾನು ಹೇಗೆ ಹಾದುಹೋಗಲಿ? ಇಷ್ಟೇ ಯೋಚನೆ, ಸುತ್ತಿ ಸುತ್ತಿ.

ಬೆಂಗಳೂರಿನ ಮೇಲೆ

ಐದೂ ಐವತ್ತು ಯಾವಾಗಲೋ ದಾಟಿತ್ತು. ಇಳಿಯಲು ಸರದಿ ಸಿಗದೆ ವಿಮಾನ ಸುತ್ತುತ್ತಿತ್ತು. ಪ್ರತಿ ಸುತ್ತಿಗೂ ಸೂರ್ಯ ನಮ್ಮ ಕಿಟಕಿಗೆ ಬಂದು, ಹೋಗಿ, ಮತ್ತೆ ಬರುತ್ತಿದ್ದ. ಕೆಳಗೆ ಊರಿನಲ್ಲಿ ದೀಪ ಹತ್ತಿದ್ದವು. ಕೆಳಗಿದ್ದವರಿಗೆ ಸೂರ್ಯ ಮುಳುಗಿಯಾಗಿತ್ತು; ಎತ್ತರದಲ್ಲಿದ್ದ ನಮಗೆ ಮಾತ್ರ ಅವನು ಕೆಂಪಗೆ ಉಳಿದುಕೊಂಡಿದ್ದ.

ಕೊನೆಯ ಪಟ್ಟಿ. ಎಪ್ಪತ್ತೆರಡು.

"ಎಪ್ಪತ್ತಲ್ಲ," ಎಂದರು. ನಾಲಿಗೆ ತೊದಲುತ್ತಿತ್ತು.

ಆಮೇಲೆ ವಿಮಾನ ಮೂಗು ತಗ್ಗಿಸಿತು. ಸೂರ್ಯ ದೂಳಿನ ಪಟ್ಟೆಯೊಳಗೆ ಇಳಿದು, ಅರ್ಧವಾಗಿ, ಗೆರೆಯಾಗಿ, ಹೋದ. ನಾನು ಖರ್ಜೂರವನ್ನು ಅವರ ಅಂಗೈಗೆ ತುರುಕಿದೆ. "ಮುಳುಗಿದ. ತಿನ್ನಿ!"

ಅವರು ಮುಷ್ಟಿ ಮುಚ್ಚಿಕೊಂಡರು. "ಅವಳ ದನಿ ಕೇಳ್ಲಿ."

ಚಕ್ರ ನೆಲಕ್ಕೆ ಬಡಿಯಿತು. ಫೋನ್ ಆನ್ ಮಾಡಿದೆ. ನೆಟ್‌ವರ್ಕ್ ಇಲ್ಲ. ಹುಡುಕುತ್ತಿದೆ, ಹುಡುಕುತ್ತಿದೆ. ಜನ ಎದ್ದು ಮೇಲಿನ ಪೆಟ್ಟಿಗೆಗಳನ್ನು ಎಳೆಯತೊಡಗಿದರು, ಯಾರದೋ ಚೀಲ ನನ್ನ ಭುಜಕ್ಕೆ ಬಡಿಯಿತು. ನಾನು ಅವರ ಮುಷ್ಟಿಯನ್ನೇ ಹಿಡಿದು ಬಾಯಿಯ ಕಡೆ ತಳ್ಳುತ್ತಿದ್ದೆ. ಅರವತ್ತರ ಹೆಂಗಸು ಅರವತ್ತನಾಲ್ಕರ ಗಂಡಸಿನ ಕೈ ಹಿಡಿದು ಜಗ್ಗಾಡುವುದನ್ನು ಗಗನಸಖಿ ನೋಡಿಯೂ ನೋಡದಂತೆ ನಿಂತಿದ್ದಳು.

ರಿಂಗ್ ಆಯಿತು. ಸ್ಪೀಕರಿಗೆ ಹಾಕಿದೆ. ಇಮ್ರಾನನ ದನಿ, ಹಿಂದೆ ತುಂಬಿದ ಮನೆಯ ಗದ್ದಲ. "ಅಬ್ಬಾ! ಬಂದ್ರಾ? ಇವ್ಳು ನೋಡಿ ಏನ್ ಮಾಡವ್ಳೆ..."

ಫೋನನ್ನು ಯಾರೋ ಕಿತ್ತುಕೊಂಡ ಸದ್ದು. ಇಲ್ಲಿಂದ ಮುಂದೆ ಅಜ್ಜ ಮೊಮ್ಮಗಳು ಮಾತಾಡಿದ್ದು ದಖ್ನಿ ಉರ್ದುವಿನಲ್ಲಿ. ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ದಾದಾ, ನಾನು ಪೂರ್ತಿ ಹಿಡಿದೆ! ನೀರೂ ಕುಡೀಲಿಲ್ಲ. ಆದ್ರೆ ಅಮ್ಮಿ, ಫೂಫು ಅತ್ತೆ ಎಲ್ಲ ನಗ್ತಾವ್ರೆ. ಇದು ರೋಜಾನೇ ಅಲ್ವಂತೆ."

"ಯಾಕಂತೆ?"

"ನಾನು ಮಧ್ಯಾಹ್ನ ಬಿಟ್ನಂತೆ. ನಾನು ನಿಮ್ಮ ಗಡಿಯಾರ ನೋಡ್ಕಂಡೇ ಕೂತಿದ್ದೆ. ಐದೂ ಮುಕ್ಕಾಲಾತು. ದಿನಾ ನೀವು ಬಿಡೋ ಟೈಮು. ಆಗ್ಲೇ ಖರ್ಜೂರ ತಿಂದೆ. ನೀವು ಬಿಡುವಾಗ ಬಿಡ್ತೀನಿ ಅಂದಿದ್ನಲ್ಲ?" ದನಿ ಒಡೆಯುವ ಹಾಗಿತ್ತು. "ನೀವೂ ಆಗ್ಲೇ ಬಿಟ್ರಿ ಅಲ್ವಾ ದಾದಾ?"

ಬಾಷಾ ಸಾಬರು ಫೋನನ್ನು ನೋಡಿದರು. ಮುಷ್ಟಿ ತೆರೆದರು. ಖರ್ಜೂರ ಬೆವರಿಗೆ ಅಂಗೈಗೆ ಅಂಟಿಕೊಂಡಿತ್ತು. ಬಿಡಿಸಿ, ತುಟಿಯಲ್ಲೇ ಏನೋ ಅಂದು, ಬಾಯಿಗೆ ಹಾಕಿಕೊಂಡರು. ಅಗಿದರು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಹಿಡಿದೆ. ಮೂರು ಗುಟುಕು.

"ನಿನ್ನ ಟೈಮು ಸರಿ ಐತೆ ಮಗಾ," ಎಂದರು. "ಹಾರ ಹಾಕ್ಕೋ. ನಾನೇ ಲೇಟು. ಎದುರುಗಾಳಿ ಇತ್ತು."